ಒಂದು ಬಿಂದು ನಾಲ್ಕು

ಹಾನಗಲ್ಲ, 3 ನವೆಂಬರ್ 2024, ಭಾನುವಾರ

ನಾಗರತ್ನಾ ಬಂದು ಹೋದರು. ದೀಪಾವಳಿಯ ಕರ್ಚಿಕಾಯಿ ಕೊಟ್ಟೆ. ಒಂದನ್ನು ತಿಂದು ಎರಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ನಿವೃತ್ತ ನರ್ಸ್, ಕಣ್ಣು ಕಾಣದವರಿಗಾಗಿ ಒಂದು ಸಣ್ಣ ಸಂಘ ನಡೆಸುತ್ತಾರೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಊರಿಗೊಂದು ಕೋಣೆ, ಕೋಣೆಗೊಂದು ಕಂಪ್ಯೂಟರ್. ನಾಲ್ಕೂ ದಾನವಾಗಿ ಬಂದವು, ನಾಲ್ಕೂ ಬೇರೆ ಬೇರೆ ವರ್ಷದವು. ನಾನು ಬರೆದ ಓದುವ ಪ್ರೋಗ್ರಾಂ ನಾಲ್ಕರಲ್ಲೂ ಇದೆ. ಕನ್ನಡದ ಯಾವ ಬರಹ ಕೊಟ್ಟರೂ ಅದು ಗಟ್ಟಿಯಾಗಿ ಓದುತ್ತದೆ.

ನಿಜವೆಂದರೆ ಅದನ್ನು ಸಂಘಕ್ಕೆಂದು ಬರೆದದ್ದಲ್ಲ, ಮಹಾಂತೇಶರಿಗೆಂದು ಬರೆದದ್ದು. ಸಕ್ಕರೆ ಕಾಯಿಲೆ ನನ್ನ ಗಂಡನ ಎರಡೂ ಕಣ್ಣು ತೆಗೆದುಕೊಂಡು ಬರುವ ಯುಗಾದಿಗೆ ಮೂರು ವರ್ಷ. ಇಪ್ಪತ್ತೆರಡು ವರ್ಷ ಭೂಮಾಪನದಲ್ಲಿ ಸರ್ವೇಯರ್ ಆಗಿ ಹೊಲ ಅಳೆದ ಮನುಷ್ಯ ಒಂದು ಮಳೆಗಾಲ ಪೂರ್ತಿ ಮಂಚ ಬಿಟ್ಟು ಏಳಲಿಲ್ಲ. ಸಂಜೆ ನಾನು ಕಾಲೇಜಿನಿಂದ ಬಂದು ಪದ್ಯ ಓದುತ್ತಿದ್ದೆ, ಅವರು ಗೋಡೆಯ ಕಡೆ ಮುಖ ಮಾಡಿ ಕೇಳುತ್ತಿದ್ದರು. ನಾನು ಪಿ.ಯು. ಹುಡುಗರಿಗೆ ಕಂಪ್ಯೂಟರ್ ವಿಜ್ಞಾನ ಹೇಳುವವಳು. ಆ ಮುಂದಿನ ಬೇಸಿಗೆ ರಜೆಯಲ್ಲಿ ಕುಳಿತು ಪ್ರೋಗ್ರಾಂ ಬರೆದೆ.

ಡಿಸೆಂಬರ್ ಎರಡರಿಂದ ನಾಲ್ಕೂ ಕೋಣೆಗಳಲ್ಲಿ ತರಗತಿ ಶುರುವಂತೆ. ಸೋಮವಾರ ಶಿಗ್ಗಾಂವಿ, ಮಂಗಳವಾರ ಸವಣೂರು, ಬುಧವಾರ ಹಿರೇಕೆರೂರು, ಗುರುವಾರ ಇಲ್ಲಿ. ಕಲಿಸುವವರು ಮಹಾಂತೇಶರೇ ಆಗಬೇಕಂತೆ.

“ಸರ್, ಕಣ್ಣಿದ್ದವರು ಹೇಳಿದ್ರ ನಮ್ಮ ಮಂದಿ ಹೂಂ ಅಂತಾರ, ಕಲಿಯೂದಿಲ್ಲ. ನೀವು ಬರ್ರಿ” ಅಂದರು ನಾಗರತ್ನಾ.

ಒಂದು ಷರತ್ತಿದೆ. ಈ ತಿಂಗಳ ಮೂವತ್ತರೊಳಗೆ ನಾಲ್ಕೂ ಯಂತ್ರ ಸರಿಯಾಗಿ ಓದಬೇಕು. ಇಲ್ಲದಿದ್ದರೆ ಹುಬ್ಬಳ್ಳಿಯವರೊಬ್ಬರು ತಮ್ಮದೇ ಪ್ರೋಗ್ರಾಂ ತಂದು ತಾವೇ ಕಲಿಸಲು ಸಿದ್ಧರಿದ್ದಾರೆ; ಸಂಘದ ಉಳಿದವರ ಮನಸ್ಸು ಆ ಕಡೆಗೇ ಇದೆ.

“ಬರ್ತೇನ್ರಿ” ಅಂದರು ಮಹಾಂತೇಶ. ನನ್ನ ಕಡೆ ತಿರುಗಲೂ ಇಲ್ಲ. ಇಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದ್ದನ್ನು ಈಚೆಗೆ ಕೇಳಿರಲಿಲ್ಲ.

ಯಾರು ಕರೆದೊಯ್ಯುತ್ತಾರೆ? ನನಗೆ ಶನಿವಾರದವರೆಗೆ ಕಾಲೇಜು. ಕಣ್ಣು ಹೋದ ಹೊಸದರಲ್ಲಿ ಒಬ್ಬರೇ ಹೋಗುತ್ತೇನೆಂದು ಹೋಗಿ ಬಂಕಾಪುರದಲ್ಲಿ ಬಸ್ಸಿನ ಮೆಟ್ಟಿಲು ತಪ್ಪಿ ಬಿದ್ದರು. ಹಣೆಗೆ ನಾಲ್ಕು ಹೊಲಿಗೆ. ಅವರಿಂದ ಆಗುವುದಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

6 ನವೆಂಬರ್, ಬುಧವಾರ

ಸವಣೂರಿನಿಂದ ದಿಲ್ಶಾದಳ ಫೋನು. ಅಲ್ಲಿನ ಕೋಣೆಯ ಕೀಲಿ ಇರುವುದು ಅವಳ ಹತ್ತಿರ. ಇಪ್ಪತ್ತಾರು ವಯಸ್ಸು, ಹುಟ್ಟಿನಿಂದ ಕಣ್ಣಿಲ್ಲ, ನಾಲಿಗೆ ಮಾತ್ರ ಇಬ್ಬರಿಗಾಗುವಷ್ಟಿದೆ.

“ಮೇಡಂ, ನಿಮ್ಮ ಯಂತ್ರಕ್ಕ ಹೊಟ್ಟಿ ಹಸದೈತೇನ್ರಿ? ಸಾಲಿನ ಕಡೀ ತುತ್ತು ತಾನ ನುಂಗಾಕತ್ತೈತಿ.”

ಪ್ರತಿ ವಾಕ್ಯದ ಕೊನೆಯ ಮಾತು ಕೇಳಿಸುತ್ತಿಲ್ಲವಂತೆ. ಪತ್ರಿಕೆ ಓದಿಸಿದಾಗ ‘ಅಧ್ಯಕ್ಷರು ಕೆರೆಯ ಹೂಳನ್ನು’ ಎಂದು ಸುಮ್ಮನಾಯಿತಂತೆ. “ತಿಂದರು ಅಂತ ನಾನ ಸೇರಿಸ್ಕೊಂಡೆ” ಅಂದಳು. ನಕ್ಕೆ. ಆಮೇಲೆ ನಗು ನಿಂತಿತು. ನಮ್ಮ ಮಾತಿನಲ್ಲಿ ಯಾರು, ಯಾರನ್ನು, ಎಲ್ಲಿ ಎಂಬುದೆಲ್ಲ ಮೊದಲು ಬರುತ್ತದೆ, ಏನಾಯಿತು ಎಂಬುದು ಕಡೆಗೆ. ಕಡೆಯದು ಹೋದರೆ ಎಲ್ಲರೂ ಬಂದು ನಿಂತಿದ್ದಾರೆ, ಏನೂ ನಡೆಯುವುದಿಲ್ಲ.

ಎಲ್ಲಿ ತಪ್ಪಿರಬಹುದು? ನನ್ನ ಪ್ರೋಗ್ರಾಮಿಗೆ ಸ್ವಂತ ಗಂಟಲಿಲ್ಲ. ಯಂತ್ರದೊಳಗೆ ಧ್ವನಿಯ ಲೈಬ್ರರಿ ಒಂದಿರುತ್ತದೆ. ಮಾತಾಡಬೇಕಾದ ಪ್ರೋಗ್ರಾಂಗಳೆಲ್ಲ ಅದನ್ನೇ ಹಂಚಿಕೊಳ್ಳುತ್ತವೆ, ಓಣಿಗೆಲ್ಲ ಒಂದೇ ಹಿಟ್ಟಿನ ಗಿರಣಿ ಇದ್ದ ಹಾಗೆ. ಗಿರಣಿಯವನು ಕಲ್ಲು ಬದಲಿಸಿದರೆ ಮನೆಮನೆಯ ರೊಟ್ಟಿಯೂ ಬದಲಾಗುತ್ತದೆ. ಆದ್ದರಿಂದ ಯಾವ ಯಂತ್ರದಲ್ಲಿ ಲೈಬ್ರರಿಯ ಯಾವ ಆವೃತ್ತಿ ಇದೆ ಎಂದು ಮೊದಲು ತಿಳಿಯಬೇಕು. ಅದಕ್ಕೆಂದೇ ನಾನು ಕೀಬೋರ್ಡಿನಲ್ಲಿ ಒಂದು ಕೀಲಿ ಇಟ್ಟಿದ್ದೇನೆ. ಒತ್ತಿದರೆ ಆವೃತ್ತಿಯ ಸಂಖ್ಯೆಯನ್ನು ಅದೇ ಗಟ್ಟಿಯಾಗಿ ಹೇಳುತ್ತದೆ. ದಿಲ್ಶಾದ ಒತ್ತಿದಳು. ಫೋನಿನಲ್ಲಿ ನನಗೂ ಕೇಳಿಸಿತು: ಒಂದು ಬಿಂದು ನಾಲ್ಕು.

ನಮ್ಮ ಮನೆಯಲ್ಲಿರುವುದೂ ಅದೇ. ಉಳಿದ ಊರುಗಳಿಗೆ ಫೋನು ಮಾಡಿದೆ. ಎಲ್ಲ ಕಡೆಯೂ ಒಂದು ಬಿಂದು ನಾಲ್ಕು. ಹಾಗಾದರೆ ತಪ್ಪು ಲೈಬ್ರರಿಯದಲ್ಲ.

9 ನವೆಂಬರ್, ಶನಿವಾರ

ಎರಡನೆಯ ಶನಿವಾರ, ರಜೆ. ಮಹಾಂತೇಶರನ್ನು ಕರೆದುಕೊಂಡು ಸವಣೂರಿಗೆ ಹೋದೆ. ಯಾವಾಗಲೂ ಹಾಗೆ, ಅವರ ಎಡ ಮೊಣಕೈ ನನ್ನ ಬಲಗೈಯಲ್ಲಿ. ಬಸ್ಸು ಹತ್ತುವಾಗ ‘ಮೆಟ್ಟಿಲು’, ಇಳಿಯುವಾಗ ‘ಮೆಟ್ಟಿಲು’ ಎನ್ನುತ್ತೇನೆ. ಅವರು ಉತ್ತರ ಕೊಡುವುದಿಲ್ಲ.

ದಿಲ್ಶಾದ ಹೇಳಿದ್ದು ನಿಜ. ಯಂತ್ರ ಕೊನೆಯ ಮಾತು ನುಂಗುತ್ತದೆ. ಪ್ರೋಗ್ರಾಂ ತೆಗೆದು ಮತ್ತೆ ಹಾಕಿದೆ, ಸ್ಪೀಕರಿನ ತಂತಿ ಬದಲಿಸಿದೆ, ನುಂಗುವುದು ನಿಲ್ಲಲಿಲ್ಲ. ಮಹಾಂತೇಶ ಹಿಂದೆ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದವರು ಅಂದರು: “ಇದು ನಮ್ಮ ಮನಿ ಧ್ವನಿ ಅಲ್ಲ. ಉಸಿರು ತಗೊಳ್ಳೂದು ಬ್ಯಾರೆ ಐತಿ.”

“ಸಂಖ್ಯೆ ಒಂದೇ ಇದೆಯಲ್ರೀ” ಅಂದೆ.

“ನಕಾಶದಾಗ ಹೊಲದ ಗಡಿ ಒಂದ ಕಡೆ ಇರತೈತಿ, ಬಾಂದಕಲ್ಲು ಇನ್ನೊಂದ ಕಡೆ ಇರತೈತಿ. ನಾವು ಹೋಗಿ ಕಲ್ಲು ನೋಡಿ ಬರತಿದ್ವಿ.”

ದಿಲ್ಶಾದ ಅವರ ಪರ. “ಸರ್ ಹೇಳೂದು ಖರೇ ಐತ್ರಿ. ಕಿವಿ ಸುಳ್ಳು ಹೇಳಂಗಿಲ್ಲ.”

ನಾನು ಕೀಲಿ ಒತ್ತಿ ಇಬ್ಬರಿಗೂ ಕೇಳಿಸಿದೆ. ಒಂದು ಬಿಂದು ನಾಲ್ಕು. ಗೆದ್ದೆ ಅನ್ನಿಸಲಿಲ್ಲ. ದಿಲ್ಶಾದಳ ತಾಯಿ ಸವಣೂರಿನ ವೀಳ್ಯದೆಲೆ ಒಂದು ಕಟ್ಟು ಕೊಟ್ಟು ಕಳಿಸಿದರು.

10 ನವೆಂಬರ್

ಇಡೀ ಭಾನುವಾರ ಕುಳಿತೆ. ಏನೂ ಸಿಗಲಿಲ್ಲ.

ಸಂಜೆ ಪದ್ಯದ ಪುಸ್ತಕ ತೆಗೆದು, ಓದಲೇ ಎಂದು ಕೇಳೋಣವೆಂದು ಹೊರಗೆ ಬಂದರೆ ಅವರ ಕಿವಿಯಲ್ಲಿ ತಂತಿ. ಯಂತ್ರ ಅವರಿಗೆ ಏನನ್ನೋ ಓದುತ್ತಿತ್ತು, ಅವರು ತಮ್ಮಷ್ಟಕ್ಕೆ ಮುಗುಳ್ನಗುತ್ತಿದ್ದರು. ಒಳಗೆ ಹೋಗಿ ಒಬ್ಬಳೇ ಓದಿದೆ. ನಾನೇ ಮಾಡಿಕೊಟ್ಟದ್ದು.

13 ನವೆಂಬರ್, ಬುಧವಾರ

ರಜೆ ಹಾಕಿ ಹಿರೇಕೆರೂರಿಗೆ ಹೋಗಿದ್ದೆ, ಒಬ್ಬಳೇ. ರಸ್ತೆಯ ಅರ್ಧ ಭಾಗ ಗೋವಿನಜೋಳ ಒಣಗಿಸಲು ಹರಡಿದ್ದಾರೆ. ಬಸ್ಸು ಉಳಿದ ಅರ್ಧದಲ್ಲಿ ನುಸುಳಿಕೊಂಡು ಹೋಯಿತು. ಸಂಘದ ಕೋಣೆ ಹತ್ತಿ ಮಂಡಿಯೊಂದರ ಅಟ್ಟದ ಮೇಲಿದೆ. ಅಲ್ಲಿಯೂ ಕೊನೆಯ ಮಾತು ಇಲ್ಲ. ಅಲ್ಲಿಯೂ ಒಂದು ಬಿಂದು ನಾಲ್ಕು. ಹಾನಗಲ್ಲ ಮತ್ತು ಶಿಗ್ಗಾಂವಿಯಲ್ಲಿ ಸರಿ, ಈ ಎರಡು ಊರಲ್ಲಿ ತಪ್ಪು, ಸಂಖ್ಯೆ ಮಾತ್ರ ಒಂದೇ. ಮರಳಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಅರೆದೆ.

ಮಹಾಂತೇಶರನ್ನು ನೋಡಿಕೊಳ್ಳಲು ಪಕ್ಕದ ಮನೆಯ ಕರೆವ್ವನಿಗೆ ಹೇಳಿ ಹೋಗಿದ್ದೆ. ಬಂದು ಕೇಳಿದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಅವರನ್ನೇನು ನೋಡೂದ್ರಿ ಅಕ್ಕಾರ? ದಿನಾ ಹನ್ನೊಂದಕ್ಕ ಕೋಲು ಹಿಡಕೊಂಡು ಬಸ್ ಸ್ಟ್ಯಾಂಡಿಗಿ ಹೋಗತಾರ, ಒಂದಕ್ಕ ಬರತಾರ. ತಿಂಗಳ ಮ್ಯಾಲಾತು. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ.”

ನನಗೆ ಗೊತ್ತಿರಲಿಲ್ಲ. ಒಳಗೆ ಬಂದು ಜೋರಾಗಿಯೇ ಕೇಳಿದೆ. ಬಂಕಾಪುರ ಮರೆತು ಹೋಯಿತೇ, ರಕ್ತ ಒರೆಸಿದವಳು ನಾನು, ಇನ್ನೊಮ್ಮೆ ಬಿದ್ದರೆ ಏನು ಗತಿ ಎಂದೆಲ್ಲ ಅಂದೆ. ಅವರು ಪೂರ್ತಿ ಕೇಳಿ ಮೆಲ್ಲಗೆ ಮಾತಾಡಿದರು.

“ಬಂಕಾಪುರದಾಗ ಬಿದ್ದಾಂವ ಬ್ಯಾರೆ ಮನಶ್ಯಾ ಇದ್ದ, ನೀಲಾ. ಅವಗ ಕೋಲು ಹಿಡಿಯಾಕ ಬರತಿದ್ದಿಲ್ಲ. ಇವತ್ತು ನನಗ ಎಷ್ಟು ಬರತೈತಿ ಅಂತ ಒಮ್ಮೆರ ಕೇಳೀಯೇನು?”

“ಹೇಳಬೇಕಿತ್ತಲ್ಲ.”

“ಹೇಳಿದ್ರ ಬ್ಯಾಡ ಅಂತಿದ್ದಿ.”

ಅಂತಿದ್ದೆ. ಇದಕ್ಕಿಂತ ಹೆಚ್ಚು ಬರೆಯಲು ಇವತ್ತು ಮನಸ್ಸಿಲ್ಲ.

15 ನವೆಂಬರ್

ಮಾತಿಲ್ಲ. ರೊಟ್ಟಿ ಬಡಿದೆ. ತಿಂದರು. ನಾಗರತ್ನಾ ಫೋನು ಮಾಡಿ ಹುಬ್ಬಳ್ಳಿಯವರು ವಿಚಾರಿಸುತ್ತಿದ್ದಾರೆ ಎಂದರು. ಇನ್ನು ಹದಿನೈದು ದಿನ.

ಯಂತ್ರ ಸರಿಯಾಗದೆ ಹೋದರೆ ಇವರು ಎಲ್ಲಿಗೂ ಹೋಗಬೇಕಾಗುವುದಿಲ್ಲ ಎಂಬ ಯೋಚನೆ ಬಂತು. ಬಂದದ್ದನ್ನು ಬರೆದಿಡುತ್ತೇನೆ. ಬರೆದ ಮೇಲೆ ನೋಡಲು ಚೆನ್ನಾಗಿಲ್ಲ.

18 ನವೆಂಬರ್, ಸೋಮವಾರ. ಕನಕ ಜಯಂತಿ

ಸಿಕ್ಕಿತು.

ಬೆಳಿಗ್ಗೆ ಎಲ್ಲವನ್ನೂ ಬಿಟ್ಟು, ಯಾರೋ ವಿದ್ಯಾರ್ಥಿ ಬರೆದದ್ದನ್ನು ತಿದ್ದುವವಳಂತೆ ನನ್ನ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದುತ್ತ ಬಂದೆ. ಆವೃತ್ತಿ ಹೇಳುವ ಕೀಲಿಯ ಸಾಲಿಗೆ ಬಂದು ನಿಂತೆ. ಒಂದೂವರೆ ವರ್ಷದಲ್ಲಿ ಆ ಸಾಲನ್ನು ನಾನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಆವೃತ್ತಿ ತಿಳಿಯಲು ಎರಡು ದಾರಿಗಳಿವೆ. ಪ್ರೋಗ್ರಾಂ ಕಟ್ಟುವಾಗ ಲೈಬ್ರರಿಯ ಜೊತೆ ಒಂದು ಚೀಟಿ ಬರುತ್ತದೆ, ಅದರಲ್ಲಿ ಸಂಖ್ಯೆ ಬರೆದಿರುತ್ತದೆ. ಅದನ್ನು ಎತ್ತಿಕೊಂಡರೆ ಅದು ಪ್ರೋಗ್ರಾಮಿನೊಳಗೆ ಅಚ್ಚಾಗಿ ಕೂತುಬಿಡುತ್ತದೆ, ಮುಂದೆ ಯಾವ ಊರಿಗೆ ಹೋದರೂ ಅದೇ. ಇನ್ನೊಂದು ದಾರಿ, ಪ್ರೋಗ್ರಾಂ ಓಡುವ ಹೊತ್ತಿನಲ್ಲಿ, ಆ ಯಂತ್ರದಲ್ಲಿ ಆಗ ಇರುವ ಲೈಬ್ರರಿಯನ್ನೇ ‘ನೀನು ಎಷ್ಟನೆಯದು’ ಎಂದು ಕೇಳುವುದು. ನಾನು ಮಾಡಿದ್ದು ಮೊದಲನೆಯದು. ನಮ್ಮ ಮನೆಯ ಯಂತ್ರದ ಮುಂದೆ ಕುಳಿತು ಬರೆದ ದಿನ ಇಲ್ಲಿದ್ದ ಸಂಖ್ಯೆ ಒಂದು ಬಿಂದು ನಾಲ್ಕು. ನಾಲ್ಕೂ ಊರು ಒಂದೇ ಉತ್ತರ ಹೇಳಿದ್ದು ನಾಲ್ಕೂ ಒಂದೇ ಆಗಿದ್ದರಿಂದಲ್ಲ. ನಾಲ್ಕೂ ಕಡೆ ನನ್ನನ್ನೇ ನಾನು ಕೇಳಿಕೊಂಡು ಬಂದಿದ್ದೆ.

ತರಗತಿಯಲ್ಲಿ ಈ ವ್ಯತ್ಯಾಸವನ್ನು ನಾನೇ ಪಾಠ ಮಾಡುತ್ತೇನೆ.

ಐದು ದಿನದ ಮೌನ ಮುರಿದು ಮಹಾಂತೇಶರಿಗೆ ಹೇಳಿದೆ. ಅವರು ನಕ್ಕರು, ಬಹಳ ಹೊತ್ತು ನಕ್ಕರು. ಆಮೇಲೆ “ದಿಲ್ಶಾದಗ ಫೋನ್ ಮಾಡು” ಅಂದರು. ಮಾಡಿದೆ. ತಪ್ಪು ನನ್ನದು, ನಿನ್ನ ಮಾತನ್ನು ನಂಬಬೇಕಿತ್ತು ಎಂದೆ.

“ಹೋಗ್ಲಿ ಬಿಡ್ರಿ ಮೇಡಂ” ಅಂದಳು. “ಇನ್ನ ಮ್ಯಾಲೆ ನನ್ನ ಕಿವೀನೂ ಒಂದು ಯಂತ್ರ ಅಂತ ತಿಳಕೋರಿ. ಅದಕ್ಕ ಕರೆಂಟೂ ಬ್ಯಾಡ.”

ಊಟಕ್ಕೆ ಕರೆದಾಗ ಮೊಣಕೈ ಹಿಡಿಯಲು ಎದ್ದು ಹೋಗುವುದು ಮರೆತೇ ಹೋಯಿತು. ತಲೆಯಲ್ಲಿ ಆ ಸಾಲುಗಳೇ ಓಡುತ್ತಿದ್ದವು. ನೋಡಿದರೆ ಅವರು ಆಗಲೇ ಬಂದು ಕುಳಿತಿದ್ದರು.

23 ನವೆಂಬರ್, ಶನಿವಾರ

ಕೀಲಿಯನ್ನು ಬದಲಿಸಿ, ಈಗ ಲೈಬ್ರರಿಯನ್ನೇ ಕೇಳುವಂತೆ ಮಾಡಿದ್ದೇನೆ. ಸವಣೂರು: ಒಂದು ಬಿಂದು ಆರು. ಹಿರೇಕೆರೂರು: ಒಂದು ಬಿಂದು ಆರು. ಇಲ್ಲಿ, ಮನೆಯಲ್ಲೂ ಸಂಘದ ಕೋಣೆಯಲ್ಲೂ: ಒಂದು ಬಿಂದು ನಾಲ್ಕು. ಎಲ್ಲ ಬೆಳಗಾದ ಹಾಗಾಯಿತು. ಹೊಸ ಆವೃತ್ತಿಗೆ ವಾಕ್ಯ ಮುಗಿದಾಗ ‘ಮುಗಿಯಿತು’ ಎಂದು ಬೇರೆಯಾಗಿ ಹೇಳಬೇಕು, ಇಲ್ಲದಿದ್ದರೆ ಕೊನೆಯ ಮಾತನ್ನು ಬಾಯಲ್ಲೇ ಇಟ್ಟುಕೊಳ್ಳುತ್ತದೆ. ಹಳೆಯದಕ್ಕೆ ಹಾಗೆ ಹೇಳಿದರೆ ಕೊನೆಯ ಮಾತನ್ನು ಎರಡು ಸಲ ಓದುತ್ತದೆ. ಯಾವುದಿದೆ ಎಂದು ಕೇಳಿಯೇ ನಡೆದುಕೊಳ್ಳಬೇಕು. ದಿಲ್ಶಾದ ನಾನು ತಿದ್ದಿದ ಪ್ರೋಗ್ರಾಮನ್ನು ಫೋನಿನಿಂದಲೇ ಇಳಿಸಿಕೊಂಡಳು, ಹಿರೇಕೆರೂರಿನವರಿಗೂ ಅವಳೇ ಹೇಳಿಕೊಟ್ಟಳು. ಎರಡೂ ಕಡೆ ವಾಕ್ಯಗಳು ಪೂರ್ತಿಯಾದವು.

ಶಿಗ್ಗಾಂವಿಯದು ತಾಳಲಿಲ್ಲ. ಪೆನ್ ಡ್ರೈವಿನಲ್ಲಿ ಕೊಟ್ಟು ಕಳಿಸಿದ್ದೆ. ಹಾಕಿದ ಕೂಡಲೇ ಪ್ರೋಗ್ರಾಂ ಮುಚ್ಚಿಕೊಂಡಿತಂತೆ. ಆ ಯಂತ್ರ ಎಲ್ಲಕ್ಕಿಂತ ಹಳೆಯದು, ಅದರಲ್ಲಿರುವ ಲೈಬ್ರರಿಯೂ ಅಷ್ಟೇ ಹಳೆಯದು. ‘ನೀನು ಎಷ್ಟನೆಯದು’ ಎಂಬ ಪ್ರಶ್ನೆಗೆ ಉತ್ತರ ಕೊಡುವ ವ್ಯವಸ್ಥೆಯೇ ಅದು ಹುಟ್ಟಿದಾಗ ಇರಲಿಲ್ಲ. ಎಲ್ಲದಕ್ಕೂ ಹೊಸ ಲೈಬ್ರರಿ ಹಾಕಿಬಿಡಿ ಎಂದು ನಾಗರತ್ನಾ ಹೇಳುತ್ತಾರೆ. ಆ ಯಂತ್ರಕ್ಕೆ ಹೊಸದು ಕೂರುವುದಿಲ್ಲ.

ಉತ್ತರ ಕೊಡಲಾರದವರ ಬಗ್ಗೆ ತಿಳಿಯುವುದು ಹೇಗೆ? ಮಹಾಂತೇಶರನ್ನು ಕೇಳಿದೆ. ಯೋಚಿಸಿ ಹೇಳಿದರು: “ಬಾಂದಕಲ್ಲು ಕಿತ್ತು ಹೋಗಿದ್ರ ನಾವು ಬಾಜೂ ಹೊಲದ ಕಲ್ಲಿನಿಂದ ಅಳಕೊಂಡ ಬರತಿದ್ವಿ. ಮೂರು ಕಲ್ಲು ಸಿಕ್ಕರ ನಾಕನೇದು ಎಲ್ಲಿತ್ತು ಅಂತ ತಿಳೀತೈತಿ.”

ಹೌದು. ಸಂಖ್ಯೆಯನ್ನು ಕೇಳುವ ಮೊದಲು, ಉತ್ತರಿಸುವ ವ್ಯವಸ್ಥೆ ಅಲ್ಲಿ ಇದೆಯೇ ಎಂದು ತಡವಿ ನೋಡಬೇಕು. ಇಲ್ಲದಿದ್ದರೆ ಆ ಆವೃತ್ತಿಯಲ್ಲಿ ಇನ್ನೇನು ಇದೆ, ಏನಿಲ್ಲ ಎಂಬುದರಿಂದ ಗುರುತಿಸಬೇಕು.

ನಾನು ಬರೆಯುತ್ತ ಕುಳಿತಾಗ ಚಹಾ ಅವರೇ ಮಾಡಿ ತಂದರು. ಸ್ವಲ್ಪ ಕಹಿ. ಪೂರ್ತಿ ಕುಡಿದೆ. ಗ್ಯಾಸ್ ಆರಿಸಿದ್ದಾರೋ ಎಂದು ನೋಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎದ್ದು ಹೋಗಿ ನೋಡಿದೆ. ಆರಿಸಿದ್ದರು.

28 ನವೆಂಬರ್, ಗುರುವಾರ

ಪ್ರೋಗ್ರಾಂ ಸಿದ್ಧವಾಗಿದೆ. ಆದರೆ ಶಿಗ್ಗಾಂವಿಯ ಕೋಣೆಗೆ ಇಂಟರ್ನೆಟ್ ಇಲ್ಲ. ಹಾಕುವಾಗ ಮತ್ತೆ ಮುಚ್ಚಿಕೊಂಡರೆ ಏನು ಮಾಡಬೇಕೆಂದು ತಿಳಿದವರು ಎದುರಿಗೆ ಇರಬೇಕು. ಅಂಥವರು ಇಬ್ಬರೇ, ನಾನು ಮತ್ತು ಈ ವಾರವೆಲ್ಲ ನನ್ನ ಪಕ್ಕ ಕುಳಿತು ಹಾಕಿ ತೆಗೆದು ಕಲಿತ ಮಹಾಂತೇಶ. ನಾಗರತ್ನಾ ಶಿಗ್ಗಾಂವಿಗೆ ಬರುವುದು ಶನಿವಾರ, ಕೊನೆಯ ದಿನ. ಅದೇ ಶನಿವಾರ ನಮ್ಮ ಕಾಲೇಜಿನಲ್ಲಿ ನೇಮಕಾತಿ ಪರೀಕ್ಷೆ, ನನಗೆ ಕೊಠಡಿ ಮೇಲ್ವಿಚಾರಣೆ. ಪ್ರಾಂಶುಪಾಲರನ್ನು ಎರಡು ಸಲ ಕೇಳಿದೆ. ಆಗುವುದಿಲ್ಲ ಎಂದರು.

ಮನೆಗೆ ಬಂದು ಇದನ್ನೆಲ್ಲ ಹೇಳಿದೆ. ಅವರು ಕಾಯುತ್ತಿದ್ದರೆಂದು ಕಾಣುತ್ತದೆ. ನಾನು ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತ ಕುಳಿತೆ. ಒಂದು ಮುಗಿಯಿತು, ಎರಡು ಮುಗಿಯಿತು.

“ನೀವು ಹೋಗ್ತೀರೇನು?” ಎಂದೆ.

“ಹೋಗತೇನಿ.”

“ಬಂಕಾಪುರದಾಗ ಬಸ್ಸು ಬದಲೀ ಮಾಡಬೇಕಾದ್ರ?”

“ಕಂಡಕ್ಟರನ್ನ ಕೇಳತೇನಿ. ಮೆಟ್ಟಲಾ ಮೂರು, ಕಡೀದು ಎತ್ತರ. ಕೋಲು ಮೊದಲ ನೆಲಕ್ಕ ಊರಿ ಆಮ್ಯಾಲ ಕಾಲು ಇಡತೇನಿ. ಬ್ಯಾರೆ ಏನರ ಕೇಳೂದೈತೇನು?”

ಕೇಳುವುದು ಬಹಳ ಇತ್ತು. ಒಂದೊಂದನ್ನೇ ಕೇಳಿದೆ. ಅವರು ಒಂದೊಂದಕ್ಕೂ ಉತ್ತರ ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಯಾವ ಕಟ್ಟೆ ಒಡೆದಿದೆ, ಯಾವ ಚಹಾದಂಗಡಿಯವನು ದಾರಿ ಸರಿಯಾಗಿ ಹೇಳುತ್ತಾನೆ, ಯಾವನು ಕೈ ಹಿಡಿದು ಎಳೆಯುತ್ತಾನೆ ಎಂಬುದೆಲ್ಲ ಅವರಿಗೆ ತಿಳಿದಿದೆ. ಈ ಊರಲ್ಲಿ ಇಪ್ಪತ್ತು ವರ್ಷ ಇದ್ದೇನೆ, ನನಗೆ ಇವು ಗೊತ್ತಿಲ್ಲ.

ಪಲ್ಯ ತಡವಾಯಿತು. ಹತ್ತು ಗಂಟೆಗೆ ಉಂಡೆವು.

30 ನವೆಂಬರ್, ಶನಿವಾರ

ಒಂಬತ್ತೂಕಾಲರ ಬಸ್ಸಿಗೆ ಹೋದರು. ಪೆನ್ ಡ್ರೈವನ್ನು ಅಂಗಿಯ ಒಳಜೇಬಿಗೆ ತಾವೇ ಹಾಕಿಕೊಂಡರು. ನಾನು ಓಣಿಯ ತಿರುವಿನವರೆಗೆ ಹೋದೆ. ಇನ್ನು ಕಾಲೇಜಿಗೆ ಹೋಗು ಎಂದರು.

ಪರೀಕ್ಷೆಯ ಕೊಠಡಿಗೆ ಫೋನು ಒಯ್ಯುವಂತಿಲ್ಲ. ಕಛೇರಿಯಲ್ಲಿ ಕೊಟ್ಟು ಚೀಟಿ ತೆಗೆದುಕೊಂಡೆ. ಹತ್ತರಿಂದ ಒಂದರವರೆಗೆ ಇಪ್ಪತ್ತನಾಲ್ಕು ಅಭ್ಯರ್ಥಿಗಳ ನಡುವೆ ಓಡಾಡಿದೆ. ಯಾರ ಮುಖವೂ ನೆನಪಿಲ್ಲ. ಕಿಟಕಿಯಾಚೆ ಬೇವಿನ ಮರ ಅಲ್ಲಾಡಿದಾಗಲೆಲ್ಲ ಬಸ್ಸಿನ ಮೂರನೆಯ ಮೆಟ್ಟಿಲು ನೆನಪಾಗುತ್ತಿತ್ತು.

ಒಂದೂಹತ್ತಕ್ಕೆ ಫೋನು ಕೈಗೆ ಬಂತು. ಯಾವ ಕರೆಯೂ ಇರಲಿಲ್ಲ. ಅವರ ಹೆಸರು ತೆಗೆದು, ಒತ್ತದೆ, ಫೋನನ್ನು ಚೀಲಕ್ಕೆ ಹಾಕಿದೆ. ಸಿಬ್ಬಂದಿ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕುಳಿತೆ. ರೊಟ್ಟಿ ಮುರಿದು ಮತ್ತೆ ಡಬ್ಬಿಯಲ್ಲೇ ಇಟ್ಟೆ.

ಮೂರು ಗಂಟೆಗೆ ಅವರ ಕರೆ ಬಂತು. ಹಲೋ ಎಂದರೆ ಮಾತಿಲ್ಲ. ಫ್ಯಾನು ತಿರುಗುವ ಸದ್ದು, ಯಾರೋ ಕುರ್ಚಿ ಎಳೆದ ಸದ್ದು. ಆಮೇಲೆ ಯಂತ್ರದ ಧ್ವನಿ. ಶಿಗ್ಗಾಂವಿಯದು, ನಮ್ಮ ಮನೆಯದಕ್ಕಿಂತ ಸ್ವಲ್ಪ ಒರಟು, ಉಸಿರು ಬೇರೆ. ಈಗ ನನಗೂ ಅದು ಕೇಳಿಸಿತು. ಅವರು ಬೆರಳಚ್ಚು ಮಾಡಿದ್ದನ್ನು ಅದು ನಿಧಾನವಾಗಿ ಓದಿತು.

“ನೀಲಾ, ನಾನು ಸುಖವಾಗಿ ಮುಟ್ಟೇನಿ. ಬಂಕಾಪುರದಾಗ ಇಳಿದು ಹತ್ತೇನಿ. ಮೊದಲನೇ ಸಲ ಯಂತ್ರ ಮುಚ್ಚಿಕೊಂಡಿತು, ಎರಡನೇ ಸಲ ತೆರೆಯಿತು. ಐದರ ಬಸ್ಸಿಗೆ ಬರ್ತೇನಿ.”

ಪ್ರತಿ ವಾಕ್ಯದ ಕೊನೆಯ ಮಾತೂ ಇತ್ತು. ಸಿಬ್ಬಂದಿ ಕೋಣೆಯಲ್ಲಿ ಎಲ್ಲರೆದುರು ಅತ್ತೆ. ಚಾಳೀಸು ತೆಗೆದು ಕಣ್ಣು ಒರೆಸಿಕೊಂಡೆ. ಫೋನಿನಲ್ಲಿ ನಾಗರತ್ನಾ ಮಾತಾಡಿದರು. “ಹುಬ್ಬಳ್ಳಿಯವರಿಗೆ ಬ್ಯಾಡ ಅಂತ ಹೇಳೇನ್ರಿ. ಸೋಮವಾರದಿಂದ ಸರ್ ಬರ್ಲಿ.”

ಮನೆಗೆ ಬಂದೆ. ಬಸ್ ಸ್ಟ್ಯಾಂಡಿಗೆ ಹೋಗೋಣವೆಂದು ಚಪ್ಪಲಿ ಮೆಟ್ಟಿದೆ, ಬಾಗಿಲವರೆಗೆ ಹೋದೆ, ಬಿಟ್ಟೆ. ಅನ್ನಕ್ಕಿಟ್ಟೆ. ಆರೂವರೆ ದಾಟಿತು, ಏಳಾಯಿತು. ಓಣಿಯ ತುದಿಯಲ್ಲಿ ಕೋಲಿನ ಸದ್ದು ಕೇಳಿಸಿತು. ಕರೆವ್ವನ ಕಟ್ಟೆಯ ಹತ್ತಿರ ನಿಂತಿತು, ಏನೋ ಮಾತು, ನಗು, ಮತ್ತೆ ಮುಂದೆ ಬಂತು. ಗೇಟಿನ ಚಿಲಕ ಕೈಗೆ ಸಿಗಲು ತಡವಾಯಿತು. ನಾನು ಕುಳಿತಲ್ಲೇ ಇದ್ದೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ಚಿಲಕ ತೆರೆಯಿತು.

“ಮನ್ಯಾಗ ಅದೀಯೇನು?” ಎಂದರು ಅಂಗಳದಿಂದ.

“ಇಲ್ಲೇ ಅದೇನಿ” ಎಂದೆ. “ಬರ್ರಿ.”